ಕೋಡ್ ಬದಲಾಯಿತು, ಅನುವಾದ ಬದಲಾಗಲಿಲ್ಲ

2016ರಲ್ಲಿ ಮೋನೊ ತಂತ್ರಾಂಶದ ಎಂಜಿನಿಯರುಗಳನ್ನು ಒಂದು ವಿಚಿತ್ರ ದೋಷ ಕಾಡತೊಡಗಿತು. ಸಿ ಶಾರ್ಪ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಬೇರೆ ಬೇರೆ ಯಂತ್ರಗಳ ಮೇಲೆ ಓಡಿಸಿಕೊಡುವುದು ಮೋನೊ ಕೆಲಸ. ಕೆಲವು ಹೊಸ ಫೋನುಗಳಲ್ಲಿ ಮಾತ್ರ, ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತಿತ್ತು. ತನಗೆ ಗೊತ್ತಿಲ್ಲದ ಆದೇಶವೊಂದು ಎದುರಾಯಿತು ಎಂಬುದು ಪ್ರೊಸೆಸರ್ ಕೊಡುತ್ತಿದ್ದ ಕಾರಣ. ಆದರೆ ಆ ಆದೇಶ ಇದ್ದ ಜಾಗವನ್ನು ಮೆಮೊರಿಯಲ್ಲಿ ತೆರೆದು ನೋಡಿದರೆ ಅಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಪ್ರೊಸೆಸರಿಗೆ ಚೆನ್ನಾಗಿ ಗೊತ್ತಿರುವ ಸಾಮಾನ್ಯ ಆದೇಶವೇ ಅಲ್ಲಿ ಕೂತಿರುತ್ತಿತ್ತು. ಹಾಗಾದರೆ ಪ್ರೊಸೆಸರ್ ಓದಿದ್ದು ಏನನ್ನು?

ಅದೇ ಫೋನುಗಳಲ್ಲಿ ಪಿಪಿಎಸ್‌ಎಸ್‌ಪಿಪಿ ಮತ್ತು ಡಾಲ್ಫಿನ್ ಎಂಬ ಎರಡು ಎಮ್ಯುಲೇಟರುಗಳೂ ಇದೇ ತೊಂದರೆಗೆ ಸಿಕ್ಕಿದ್ದವು. ಮೊದಲನೆಯದು ಸೋನಿಯ ಪ್ಲೇಸ್ಟೇಷನ್ ಪೋರ್ಟಬಲ್ ಯಂತ್ರದ ಆಟಗಳನ್ನು ಫೋನಿನಲ್ಲಿ ಆಡಿಸುತ್ತದೆ. ಎರಡನೆಯದು ನಿಂಟೆಂಡೊದ ಗೇಮ್‌ಕ್ಯೂಬ್ ಮತ್ತು ವೀ ಯಂತ್ರಗಳ ಆಟಗಳನ್ನು. ಮೋನೊಗೂ ಇವೆರಡಕ್ಕೂ ಹೊರನೋಟಕ್ಕೆ ಯಾವ ನಂಟೂ ಇಲ್ಲ. ಆದರೆ ಮೂರೂ ಮಾಡುವ ಒಂದು ಕೆಲಸವಿದೆ. ಓಡುತ್ತಿರುವಾಗಲೇ ಹೊಸ ಯಂತ್ರಕೋಡನ್ನು ತಾವೇ ಬರೆಯುತ್ತವೆ, ಬರೆದದ್ದನ್ನು ಕೂಡಲೇ ಓಡಿಸುತ್ತವೆ.

ಈ ಒಂದು ಕೆಲಸದ ಸುತ್ತ ಗಣಕಲೋಕದ ಅತ್ಯಂತ ಹಟಮಾರಿ ಬಗ್‌ಗಳ ಒಂದು ಕುಲವೇ ಬೆಳೆದಿದೆ. ಅದನ್ನು ಅರಿಯಬೇಕಾದರೆ ಎಮ್ಯುಲೇಟರಿನ ಹೊಟ್ಟೆಯೊಳಗೆ ಸ್ವಲ್ಪ ಇಳಿಯಬೇಕು.

ಎಮ್ಯುಲೇಟರ್ ಎಂದರೆ ಒಂದು ಯಂತ್ರದ ಮೇಲೆ ಇನ್ನೊಂದು ಯಂತ್ರ ಇರುವಂತೆ ನಟಿಸುವ ತಂತ್ರಾಂಶ. ನಟನೆಗೆ ಒಳಗಾಗುವ ಯಂತ್ರವನ್ನು ಅತಿಥಿ ಎನ್ನುತ್ತಾರೆ, ನಿಜವಾಗಿ ಮೇಜಿನ ಮೇಲಿರುವುದನ್ನು ಆತಿಥೇಯ ಎನ್ನುತ್ತಾರೆ. ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಹೆಸರು ಕ್ಯೂಎಮು. ಫ್ರಾನ್ಸಿನ ಫಾಬ್ರಿಸ್ ಬೆಲಾರ್ 2003ರಲ್ಲಿ ಇದನ್ನು ಹೊರತಂದರು. ವಿಡಿಯೊ ಕೆಲಸಕ್ಕೆ ಜಗತ್ತೆಲ್ಲ ಬಳಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶವನ್ನು ಆರಂಭಿಸಿದವರೂ ಅವರೇ. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವ ಆ ಪುಟ್ಟ ನಕಲಿ ಫೋನಿನ ಒಳಗಿರುವುದೂ ಕ್ಯೂಎಮುವೇ.

ಅತಿಥಿಯ ಆದೇಶಗಳನ್ನು ಓಡಿಸಲು ಸರಳ ದಾರಿಯೊಂದಿದೆ. ಒಂದು ಆದೇಶ ಓದು, ಅದರ ಅರ್ಥ ಏನೆಂದು ನೋಡು, ಅದರಂತೆ ಮಾಡು, ಮುಂದಿನದಕ್ಕೆ ಹೋಗು. ಇದರಲ್ಲಿ ತಪ್ಪುವುದು ಕಷ್ಟ, ಆದರೆ ಬಹಳ ನಿಧಾನ. ಸಾವಿರ ಸಲ ಸುತ್ತುವ ಒಂದು ಲೂಪಿನಲ್ಲಿ ಅದೇ ಆದೇಶವನ್ನು ಸಾವಿರ ಸಲ ಓದಿ, ಸಾವಿರ ಸಲ ಅರ್ಥ ಮಾಡಿಕೊಳ್ಳಬೇಕು. ಆದ್ದರಿಂದ ಕ್ಯೂಎಮುವಿನಂಥವು ಬೇರೆ ದಾರಿ ಹಿಡಿಯುತ್ತವೆ. ಅತಿಥಿಯ ಕೋಡನ್ನು ಪುಟ್ಟ ಪುಟ್ಟ ತುಂಡುಗಳಾಗಿ, ಅಂದರೆ ಒಂದು ಜಿಗಿತದ ಆದೇಶ ಬರುವವರೆಗಿನ ಸಾಲುಗಳನ್ನು ಒಂದು ಬ್ಲಾಕ್ ಎಂದು ತೆಗೆದುಕೊಂಡು, ಅದನ್ನು ಆತಿಥೇಯ ಯಂತ್ರದ ಭಾಷೆಗೆ ಒಂದೇ ಸಲ ಅನುವಾದಿಸುತ್ತವೆ. ಅನುವಾದವನ್ನು ಎತ್ತಿಡುತ್ತವೆ. ಮತ್ತೆ ಅದೇ ಬ್ಲಾಕಿಗೆ ಬಂದಾಗ ಎತ್ತಿಟ್ಟದ್ದನ್ನೇ ನೇರವಾಗಿ ಓಡಿಸುತ್ತವೆ. 2005ರಲ್ಲಿ ಬೆಲಾರ್ ಮಂಡಿಸಿದ ಪ್ರಬಂಧದಲ್ಲಿ ಈ ಅನುವಾದಗಳ ಉಗ್ರಾಣಕ್ಕೆ 16 ಮೆಗಾಬೈಟ್ ಜಾಗ ಕೊಟ್ಟಿದ್ದರು; ತುಂಬಿದರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು. ಈ ಉಗ್ರಾಣಕ್ಕೆ ಕೋಡ್ ಕ್ಯಾಶ್ ಎಂದು ಹೆಸರು.

ಬಸ್ ಸ್ಟ್ಯಾಂಡಿನ ಹಲಗೆಯ ಮೇಲಿನ ವೇಳಾಪಟ್ಟಿಯನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡವರಿಗೆ ಪ್ರತಿ ಸಲ ಸ್ಟ್ಯಾಂಡಿನವರೆಗೆ ಹೋಗಿ ನೋಡುವ ಕಷ್ಟ ತಪ್ಪುತ್ತದೆ. ಡಿಪೊದವರು ಹಲಗೆಯ ಮೇಲೆ ಸಮಯ ಬದಲಿಸಿದ ದಿನ ಪುಸ್ತಕ ಸುಳ್ಳಾಗುತ್ತದೆ, ಮತ್ತು ಪುಸ್ತಕಕ್ಕೆ ಅದು ಗೊತ್ತಿರುವುದಿಲ್ಲ. ಕೋಡ್ ಕ್ಯಾಶಿನ ಕಷ್ಟವೂ ಇಷ್ಟೇ. ಅನುವಾದ ಆದ ಮೇಲೆ ಮೂಲ ಬದಲಾದರೆ, ಹಳೆಯ ಅನುವಾದವನ್ನು ಅಸಿಂಧು ಎಂದು ಸಾರಿ ಕಿತ್ತೆಸೆಯಬೇಕು. ಯಾರು ಸಾರಬೇಕು, ಯಾವ ಕ್ಷಣದಲ್ಲಿ, ಎಷ್ಟನ್ನು ಕೀಳಬೇಕು ಎಂಬಲ್ಲಿ ಎಲ್ಲ ಜಗಳ.

ಓಡುವ ಕೋಡ್ ಯಾಕೆ ಬದಲಾಗಬೇಕು ಎಂದು ಕೇಳಬಹುದು. ಬದಲಾಗದ ಗಣಕವೇ ಇಲ್ಲ. ಒಂದು ಪ್ರೋಗ್ರಾಮ್ ಮುಗಿದು ಅದೇ ಮೆಮೊರಿಗೆ ಇನ್ನೊಂದು ಬಂದು ಕೂತರೆ ಕೋಡ್ ಬದಲಾದಂತೆಯೇ. ಬ್ರೌಸರ್ ಜಾವಾಸ್ಕ್ರಿಪ್ಟನ್ನು ಓಡಿಸುವಾಗ ತಾನೇ ಯಂತ್ರಕೋಡ್ ಬರೆಯುತ್ತದೆ. ಲಿನಕ್ಸ್ ಕರ್ನಲ್ ಬೂಟ್ ಆಗುವಾಗ ತಾನು ಕೂತಿರುವ ಪ್ರೊಸೆಸರ್ ಯಾವುದೆಂದು ನೋಡಿ, ತನ್ನದೇ ಆದೇಶಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಕುಗ್ಗಿಸಿಟ್ಟ ಪ್ರೋಗ್ರಾಮುಗಳು ಓಡುವ ಮುಂಚೆ ತಮ್ಮನ್ನು ತಾವೇ ಬಿಚ್ಚಿಕೊಳ್ಳುತ್ತವೆ. 1990ರ ದಶಕದ ಪಿಸಿ ಆಟಗಳಲ್ಲಿ ಚಿತ್ರ ಬಿಡಿಸುವ ಒಳಲೂಪಿನೊಳಗಿನ ಸಂಖ್ಯೆಗಳನ್ನು ಆಟವೇ ಆಗಾಗ ತಿದ್ದುತ್ತಿತ್ತು, ಆಗಿನ ಪ್ರೊಸೆಸರುಗಳಿಂದ ಒಂದಿಷ್ಟು ವೇಗ ಹಿಂಡಿಕೊಳ್ಳಲು.

ಇದನ್ನು ಹತ್ತಿರದಿಂದ ನೋಡಲು ಆರು ಬೈಟುಗಳು ಸಾಕು. ಕ್ಯೂಎಮುವಿನ ಮೂಲಕೋಡಿನ ಜೊತೆಗೆ ಬರುವ ಪರೀಕ್ಷಾ ಪ್ರೋಗ್ರಾಮುಗಳಲ್ಲಿ ಇಂಟೆಲ್ 386 ಕುಟುಂಬಕ್ಕೆ ಮೀಸಲಾದ ಒಂದಿದೆ. ಅದರೊಳಗೆ ಈ ಸಾಲು ಸಿಗುತ್ತದೆ, ದಶಮಾಂಶದಲ್ಲಿ ಬರೆದರೆ: 184, 1, 0, 0, 0, 195. ಮೊದಲ ಬೈಟು 'ಮುಂದೆ ಬರುವ ನಾಲ್ಕು ಬೈಟಿನ ಸಂಖ್ಯೆಯನ್ನು ಇಎಎಕ್ಸ್ ರಿಜಿಸ್ಟರಿಗೆ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಖಾನೆಗೆ, ತುಂಬು' ಎನ್ನುತ್ತದೆ. ಸಂಖ್ಯೆ 1. ಕೊನೆಯ 195 ಎಂದರೆ 'ಕರೆದವರ ಬಳಿಗೆ ಹಿಂದಿರುಗು'. ಕರೆದರೆ 1 ಎಂಬ ಉತ್ತರ ಬರುತ್ತದೆ, ಇನ್ನೇನೂ ಇಲ್ಲ. ಆಮೇಲೆ ಪರೀಕ್ಷೆ ಎರಡನೆಯ ಬೈಟನ್ನು 2 ಮಾಡಿ ಮತ್ತೆ ಕರೆಯುತ್ತದೆ. ನಂತರ 3, ನಂತರ 4. ನಿಜವಾದ ಯಂತ್ರದ ಮೇಲೆ ಉತ್ತರಗಳು 1, 2, 3, 4 ಎಂದು ಬರಬೇಕು. ಅನುವಾದವನ್ನು ಎತ್ತಿಟ್ಟುಕೊಂಡು ಮೂಲದ ಕಡೆ ತಿರುಗಿ ನೋಡದ ಎಮ್ಯುಲೇಟರಿನಲ್ಲಿ 1, 1, 1, 1 ಎಂದು ಬರುತ್ತದೆ. ಯಾವ ದೋಷಸಂದೇಶವೂ ಇಲ್ಲ, ಏನೂ ಬೀಳುವುದಿಲ್ಲ. ಉತ್ತರ ಮಾತ್ರ ತಪ್ಪು.

ಬದಲಾವಣೆಯನ್ನು ತಿಳಿಯುವ ಹೊಣೆಯನ್ನು ಎರಡು ಬಗೆಯ ಪ್ರೊಸೆಸರ್ ಕುಟುಂಬಗಳು ಎರಡು ರೀತಿ ಹಂಚಿವೆ. ಆರ್ಮ್, ಪವರ್‌ಪಿಸಿ, ರಿಸ್ಕ್-ಫೈವ್ ಪ್ರೊಸೆಸರುಗಳಲ್ಲಿ ಹೊಣೆ ಪ್ರೋಗ್ರಾಮಿನದು. ಕೋಡನ್ನು ತಿದ್ದಿದವರು 'ಹಳೆಯ ಆದೇಶಗಳನ್ನು ಮರೆತುಬಿಡು' ಎನ್ನುವ ವಿಶೇಷ ಆದೇಶವನ್ನೂ ಕೊಡಬೇಕು. ಏಕೆಂದರೆ ಆ ಪ್ರೊಸೆಸರುಗಳ ಚಿಪ್ಪಿನೊಳಗೇ ಆದೇಶಗಳಿಗೊಂದು, ದತ್ತಾಂಶಕ್ಕೊಂದು ಎಂದು ಪ್ರತ್ಯೇಕ ಕ್ಯಾಶ್‌ಗಳಿದ್ದು, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ತಾನಾಗಿ ತಲುಪುವ ಭರವಸೆ ಇಲ್ಲ. ಎಮ್ಯುಲೇಟರಿಗೆ ಇದು ವರದಾನ. ಅತಿಥಿ ಆ ಆದೇಶ ಕೊಟ್ಟಾಗ ಸಂಬಂಧಪಟ್ಟ ಅನುವಾದ ಕಿತ್ತರಾಯಿತು.

ಇಂಟೆಲ್ ದಾರಿ ಬೇರೆ. ಆ ಕುಟುಂಬದ ಈಚಿನ ಪ್ರೊಸೆಸರುಗಳಲ್ಲಿ ಪ್ರೋಗ್ರಾಮ್ ಯಾರಿಗೂ ಏನೂ ಹೇಳಬೇಕಿಲ್ಲ. ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಪ್ರೊಸೆಸರೇ ಕಣ್ಣಿಟ್ಟು ಕಾಯುತ್ತದೆ. ಹಾಗಾಗಿ ಎಮ್ಯುಲೇಟರೂ ಕಾಯಲೇಬೇಕು. ಮೆಮೊರಿಗೆ ಆಗುವ ಪ್ರತಿಯೊಂದು ಬರಹವನ್ನೂ 'ಇಲ್ಲಿ ನಾನು ಅನುವಾದಿಸಿದ ಕೋಡ್ ಇದೆಯೇ' ಎಂದು ಪರೀಕ್ಷಿಸಿದರೆ ವೇಗವೆಲ್ಲ ಹೋಯಿತು. ಬೆಲಾರ್ ಇದಕ್ಕೆ ಮೆಮೊರಿಯ ಪುಟಗಳನ್ನೇ ಬಳಸಿಕೊಂಡರು. 4096 ಬೈಟುಗಳ ಒಂದು ಪುಟದಿಂದ ಏನನ್ನಾದರೂ ಅನುವಾದಿಸಿದ ಕೂಡಲೇ ಆ ಇಡೀ ಪುಟಕ್ಕೆ 'ಬರೆಯಬಾರದು' ಎಂಬ ಬೀಗ ಬೀಳುತ್ತದೆ. ಅತಿಥಿ ಅಲ್ಲಿ ಬರೆಯಲು ಬಂದರೆ ಬೀಗಕ್ಕೆ ತಾಗಿ ನಿಲ್ಲುತ್ತದೆ. ಆಗ ಕ್ಯೂಎಮು ಬಂದು ಆ ಪುಟಕ್ಕೆ ಸೇರಿದ ಬ್ಲಾಕುಗಳನ್ನು ಕಿತ್ತು, ಬೀಗ ತೆಗೆದು, ಬರೆಯಲು ಬಿಡುತ್ತದೆ. ಕೋಡೇ ಇಲ್ಲದ ಪುಟಗಳಲ್ಲಿ ಬರಹ ಪೂರ್ಣ ವೇಗದಲ್ಲಿ ನಡೆಯುತ್ತದೆ. ಯೋಚನೆ ಅಚ್ಚುಕಟ್ಟು; ಇಪ್ಪತ್ತು ವರ್ಷಗಳ ನಂತರವೂ ಇದರ ಬುನಾದಿ ಹಾಗೆಯೇ ನಿಂತಿದೆ.

ಆದರೆ ಒಂದೇ ಪುಟದಲ್ಲಿ ಕೋಡೂ ದತ್ತಾಂಶವೂ ಒಟ್ಟಿಗೆ ಕೂತಿದ್ದರೆ ಗೋಳು. ಪ್ರೋಗ್ರಾಮ್ ತನ್ನ ಎಣಿಕೆಯ ಸಂಖ್ಯೆಯೊಂದನ್ನು ಒಂದು ಹೆಚ್ಚಿಸಿದರೂ ಬೀಗ ಬಡಿದುಕೊಳ್ಳುತ್ತದೆ, ಅನುವಾದಗಳೆಲ್ಲ ಕಿತ್ತುಹೋಗುತ್ತವೆ, ಮರುಕ್ಷಣ ಮತ್ತೆ ಅನುವಾದ, ಮತ್ತೆ ಬೀಗ. ಅತಿಥಿ ಯಂತ್ರ ಆಮೆಯಾಗುತ್ತದೆ. ಇಂಥ ಪುಟಗಳಿಗೆ ಬೆಲಾರ್ ಇನ್ನೊಂದು ಏರ್ಪಾಡು ಮಾಡಿದರು: ಪದೇಪದೇ ಬರಹ ಬೀಳುವ ಪುಟದಲ್ಲಿ ಯಾವ ಬೈಟು ಕೋಡು, ಯಾವುದು ಅಲ್ಲ ಎಂಬ ನಕ್ಷೆಯನ್ನಿಟ್ಟು, ಕೋಡಿಗೆ ತಾಗದ ಬರಹಗಳನ್ನು ಸುಮ್ಮನೆ ಬಿಡುವುದು.

2000ದ ಜನವರಿಯಲ್ಲಿ ಕ್ರೂಸೊ ಎಂಬ ಚಿಪ್ ತಂದ ಟ್ರಾನ್ಸ್‌ಮೆಟಾ ಕಂಪನಿ ಈ ಸಂಕಟವನ್ನು ಎಲ್ಲರಿಗಿಂತ ಆಳವಾಗಿ ಉಂಡಿತು ಎನ್ನಬಹುದು. ಲಿನಕ್ಸ್‌ನ ಲಿನಸ್ ಟೊರ್ವಾಲ್ಡ್ಸ್ ಆಗ ಅಲ್ಲಿ ಕೆಲಸದಲ್ಲಿದ್ದರು. ಕ್ರೂಸೊ ಚಿಪ್ಪಿಗೆ ಇಂಟೆಲ್ ಆದೇಶಗಳು ಗೊತ್ತೇ ಇರಲಿಲ್ಲ. ಚಿಪ್ಪಿನ ಮೇಲೆ ಕೂತ ತಂತ್ರಾಂಶವೊಂದು ವಿಂಡೋಸ್ ಸಮೇತ ಎಲ್ಲವನ್ನೂ ಅನುವಾದಿಸುತ್ತಿತ್ತು. ಅಂದರೆ ಗ್ರಾಹಕ ಕೊಂಡ ಲ್ಯಾಪ್‌ಟಾಪೇ ಒಂದು ಎಮ್ಯುಲೇಟರ್. ಒಂದು ಆಟ ಓಡದಿದ್ದರೆ 'ನಮ್ಮದು ಎಮ್ಯುಲೇಟರ್, ಹೊಂದಿಕೊಳ್ಳಿ' ಎನ್ನುವಂತಿರಲಿಲ್ಲ. ಅವರ ಎಂಜಿನಿಯರುಗಳು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದರ ಮೇಲೊಂದು ಉಪಾಯಗಳಿವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಆಟದ ಒಳಲೂಪಿನಲ್ಲಿ ಆದೇಶ ಅದೇ ಇದ್ದು ಅದರೊಳಗಿನ ಸಂಖ್ಯೆ ಮಾತ್ರ ಪದೇಪದೇ ಬದಲಾಗುತ್ತಿದ್ದರೆ, ಆ ಸಂಖ್ಯೆಯನ್ನು ಅನುವಾದದೊಳಗೆ ಅಚ್ಚೊತ್ತುವುದೇ ಇಲ್ಲ. ಪ್ರತಿ ಸಲವೂ ಮೂಲಕೋಡಿನಿಂದಲೇ ಓದಿಕೊಳ್ಳುವಂತೆ ಅನುವಾದಿಸುತ್ತಾರೆ. ಮೇಲಿನ ಆರು ಬೈಟುಗಳನ್ನು ಹೀಗೆ ಅನುವಾದಿಸಿದರೆ 1, 2, 3, 4 ಎಂದು ಸರಿಯಾದ ಉತ್ತರವೇ ಬರುತ್ತದೆ, ಒಂದು ಸಲವೂ ಮರು ಅನುವಾದ ಬೇಕಾಗುವುದಿಲ್ಲ.

ಇನ್ನು ಬಗ್‌ಗಳ ಕಡೆಗೆ. ಕಾವಲು ಸರಿಯಿದ್ದರೂ ಕಳ್ಳಬಾಗಿಲುಗಳು ಹಲವು. ಅವುಗಳಲ್ಲಿ ಕೊಂಡಿಯದು ಮುಖ್ಯವಾದದ್ದು. ಪ್ರತಿ ಬ್ಲಾಕ್ ಮುಗಿದಾಗಲೂ ಮುಂದಿನ ಬ್ಲಾಕ್ ಎಲ್ಲಿದೆ ಎಂದು ಪಟ್ಟಿಯಲ್ಲಿ ಹುಡುಕುವುದು ದುಬಾರಿ. ಅದಕ್ಕೇ ಮೊದಲ ಬ್ಲಾಕಿನ ಕೊನೆಯಲ್ಲಿ ಎರಡನೆಯದಕ್ಕೆ ನೇರ ಜಿಗಿತವನ್ನು ಬರೆದು ಎರಡನ್ನೂ ಕೊಂಡಿ ಹಾಕುತ್ತಾರೆ. ಈಗ ಎರಡನೆಯ ಬ್ಲಾಕಿನ ಮೂಲ ಬದಲಾಯಿತು ಎನ್ನಿ. ಪಟ್ಟಿಯಿಂದ ಅದರ ಹೆಸರು ತೆಗೆದರೆ ಸಾಲದು. ಯಾರ್ಯಾರು ಅದಕ್ಕೆ ನೇರ ಕೊಂಡಿ ಹಾಕಿದ್ದಾರೋ ಅವರೆಲ್ಲರ ಬಳಿಗೆ ಹೋಗಿ ಕೊಂಡಿ ಕಳಚಬೇಕು. ಒಂದನ್ನು ಮರೆತರೂ, ಪಟ್ಟಿಯಲ್ಲಿ ಸತ್ತುಹೋಗಿರುವ ಬ್ಲಾಕು ಹಿಂಬಾಗಿಲಿನಿಂದ ಜೀವಂತ ಓಡುತ್ತಲೇ ಇರುತ್ತದೆ. ಪಟ್ಟಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ತಪ್ಪು ಕಾಣುವುದಿಲ್ಲ.

ಎರಡು ಪುಟಗಳ ಗಡಿಯ ಮೇಲೆ ಕಾಲು ಚಾಚಿದ ಬ್ಲಾಕು ಇನ್ನೊಂದು ಬಾಗಿಲು. ಇಂಟೆಲ್ ಆದೇಶಗಳ ಉದ್ದ ಒಂದೇ ಸಮ ಇರುವುದಿಲ್ಲ, ಹಾಗಾಗಿ ಒಂದೇ ಆದೇಶದ ಮೊದಲ ಎರಡು ಬೈಟು ಒಂದು ಪುಟದ ತುದಿಯಲ್ಲಿ, ಉಳಿದವು ಮುಂದಿನ ಪುಟದ ತಲೆಯಲ್ಲಿ ಬೀಳಬಹುದು. ಎರಡೂ ಪುಟಗಳಿಗೆ ಬೀಗ ಬೇಕು. ಒಂದಕ್ಕೇ ಹಾಕಿದ್ದರೆ ತಪ್ಪು ಕಾಣಿಸಿಕೊಳ್ಳುವುದಕ್ಕೆ ವರ್ಷಗಳೇ ಹಿಡಿಯಬಹುದು, ಏಕೆಂದರೆ ಆ ಗಡಿಯ ಮೇಲೆಯೇ ಕೋಡು ಬಿದ್ದು, ಅದರ ಎರಡನೆಯ ಅರ್ಧವೇ ಬದಲಾಗಬೇಕು.

ಮೂರನೆಯದು ಸಾಧನಗಳದು. ನಿಜವಾದ ಯಂತ್ರದಲ್ಲಿ ಹಾರ್ಡ್ ಡಿಸ್ಕಿನ ನಿಯಂತ್ರಕ ಪ್ರೊಸೆಸರಿನ ಕೈ ಕಾಯದೆ ತಾನೇ ಮೆಮೊರಿಗೆ ಬರೆಯುತ್ತದೆ. ಎಮ್ಯುಲೇಟರಿನಲ್ಲೂ ಡಿಸ್ಕಿನ ನಟನೆ ಮಾಡುವ ಭಾಗ, ಅತಿಥಿಯ ಪ್ರೊಸೆಸರನ್ನು ಹಾದುಹೋಗದೆ, ದತ್ತಾಂಶವನ್ನು ನೇರವಾಗಿ ಮೆಮೊರಿಗೆ ನಕಲಿಸುತ್ತದೆ. ಬೀಗ ಇರುವುದು ಪ್ರೊಸೆಸರಿನ ಬಾಗಿಲಿಗೆ. ಡಿಸ್ಕಿನ ಬಾಗಿಲಲ್ಲಿ ಯಾರೂ ಕಾಯುತ್ತಿಲ್ಲದಿದ್ದರೆ, ಅತಿಥಿ ಮೊದಲ ಸಲ ಸುಸೂತ್ರವಾಗಿ ಬೂಟ್ ಆಗುತ್ತದೆ, ಮೊದಲ ಪ್ರೋಗ್ರಾಮ್ ಓಡುತ್ತದೆ, ಅದೇ ಜಾಗಕ್ಕೆ ಡಿಸ್ಕಿನಿಂದ ಎರಡನೆಯ ಪ್ರೋಗ್ರಾಮ್ ಬಂದಾಗ ಮೊದಲನೆಯದರ ಪ್ರೇತ ಎದ್ದು ಓಡತೊಡಗುತ್ತದೆ. ಆದ್ದರಿಂದ ಕ್ಯೂಎಮುವಿನಲ್ಲಿ ಸಾಧನಗಳು ಮೆಮೊರಿಗೆ ಬರೆಯುವ ದಾರಿಗೂ ಇದೇ ಅಸಿಂಧುಗೊಳಿಸುವ ಹೆಜ್ಜೆಯನ್ನು ಸೇರಿಸಿದ್ದಾರೆ.

ಎಲ್ಲಕ್ಕಿಂತ ತಲೆತಿರುಗಿಸುವುದು, ಬ್ಲಾಕೊಂದು ಓಡುತ್ತಾ ಓಡುತ್ತಾ ತನ್ನದೇ ಮುಂದಿನ ಆದೇಶವನ್ನು ತಿದ್ದುವುದು. ಕಿತ್ತುಹಾಕಬೇಕಾದ ಅನುವಾದದ ಒಳಗೇ ನಾವು ನಿಂತಿದ್ದೇವೆ. ಕ್ಯೂಎಮು ಆಗ ಓಟವನ್ನು ನಿಲ್ಲಿಸಿ, ಅತಿಥಿಯ ರಿಜಿಸ್ಟರುಗಳು ಆ ಬರೆಯುವ ಆದೇಶದ ಹೊಸ್ತಿಲಲ್ಲಿ ಹೇಗಿದ್ದವೋ ಹಾಗೆ ಮತ್ತೆ ಜೋಡಿಸಿ, ಅದೊಂದೇ ಆದೇಶವಿರುವ ಪುಟ್ಟ ಬ್ಲಾಕನ್ನು ಅನುವಾದಿಸಿ ಓಡಿಸಿ, ಅದರಾಚೆಗೆ ಹೊಸ ಕೋಡನ್ನು ಓದುತ್ತದೆ.

ಇಂಥ ಬಗ್ಗನ್ನು ಹುಡುಕುವವರಿಗೆ ಮೊದಲ ಕಷ್ಟ ದೂರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಬೀಳುವ ಜಾಗಕ್ಕೂ ತಪ್ಪಿದ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಹಳೆಯ ಅನುವಾದವೊಂದು ಒಂದು ಸಂಖ್ಯೆಯನ್ನು ತಪ್ಪಾಗಿ ತುಂಬಿರುತ್ತದೆ. ಅದು ಲಕ್ಷಾಂತರ ಆದೇಶಗಳ ಆಚೆ, ಇನ್ಯಾವುದೋ ಭಾಗದಲ್ಲಿ, ತಪ್ಪು ವಿಳಾಸವಾಗಿ ಹೊರಬರುತ್ತದೆ. ಬಿದ್ದ ಜಾಗದ ಕೋಡನ್ನು ಎಷ್ಟು ದಿಟ್ಟಿಸಿದರೂ ಪ್ರಯೋಜನವಿಲ್ಲ.

ಎರಡನೆಯ ಕಷ್ಟ ಇನ್ನೂ ಕೆಟ್ಟದ್ದು. ಇಣುಕಿ ನೋಡಿದರೆ ಬಗ್ ಮಾಯವಾಗುತ್ತದೆ. ಡೀಬಗ್ಗರಿನಲ್ಲಿ ಅನುಮಾನದ ಜಾಗಕ್ಕೆ ಬ್ರೇಕ್‌ಪಾಯಿಂಟ್ ಇಟ್ಟರೆ, ಅಲ್ಲಿ ನಿಲ್ಲುವ ಸಲುವಾಗಿ ಎಮ್ಯುಲೇಟರ್ ಆ ಬ್ಲಾಕನ್ನು ಕಿತ್ತು ಹೊಸದಾಗಿ ಅನುವಾದಿಸಲೇಬೇಕು. ಕಿತ್ತ ಕ್ಷಣದಲ್ಲಿ ಹಳಸಲು ಹೋಯಿತು, ಹೊಸ ಅನುವಾದ ಸರಿಯಾಗಿದೆ, ಪ್ರೋಗ್ರಾಮ್ ಸರಾಗವಾಗಿ ಓಡುತ್ತದೆ. ಬ್ರೇಕ್‌ಪಾಯಿಂಟ್ ಇಟ್ಟಾಗ ಮಾತ್ರ ಸರಿಯಾಗುವ ತಪ್ಪು ಕಂಡರೆ ಕೋಡ್ ಕ್ಯಾಶನ್ನೇ ಮೊದಲು ಅನುಮಾನಿಸಬೇಕು ಎಂಬುದು ಈ ಕೆಲಸದಲ್ಲಿ ಪಳಗಿದವರ ಅನುಭವ. ಮಾಯವಾಗುವುದೇ ಇಲ್ಲಿ ಸುಳಿವು.

ಹಾಗಾಗಿ ಅವರು ಬ್ರೇಕ್‌ಪಾಯಿಂಟಿಗಿಂತ ಮುಂಚೆ ಎಮ್ಯುಲೇಟರಿನ ಜಾಣತನಗಳನ್ನು ಒಂದೊಂದಾಗಿ ಆರಿಸುತ್ತಾರೆ. ಕ್ಯೂಎಮುವಿಗೆ ಕೊಂಡಿ ಹಾಕಬೇಡ ಎಂದು ಹೇಳಲು ಒಂದು ಆಯ್ಕೆಯಿದೆ. ಅದರಿಂದ ಬಗ್ ಹೋದರೆ ಕಳಚದೆ ಉಳಿದ ಕೊಂಡಿಯತ್ತ ಬೆರಳು. ಒಂದು ಬ್ಲಾಕಿಗೆ ಒಂದೇ ಆದೇಶ ಎಂದು ಕಟ್ಟುಮಾಡುವ ಆಯ್ಕೆ ಇನ್ನೊಂದು. ಅದರಿಂದ ಹೋದರೆ ಬ್ಲಾಕಿನ ಒಳಗೇ ತಿದ್ದುಪಡಿ ನಡೆಯುತ್ತಿರುವ ಸಾಧ್ಯತೆ. ಏನು ಮಾಡಿದರೂ ಉಳಿದು, ಇಡೀ ಕ್ಯಾಶನ್ನು ಆಗಾಗ ಅಳಿಸಿದಾಗ ಮಾತ್ರ ಹೋದರೆ, ಯಾವುದೋ ಬರಹದ ದಾರಿ ಕಾವಲಿಲ್ಲದೆ ತೆರೆದಿದೆ.

ಆ ದಾರಿ ಯಾವುದೆಂದು ಹಿಡಿಯಲು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ ವಿಧಾನ ಇದು: ಅನುವಾದಿಸುವಾಗಲೇ ಮೂಲ ಬೈಟುಗಳ ಒಂದು ನಕಲನ್ನು ಬ್ಲಾಕಿನ ಜೊತೆಗೇ ಇಟ್ಟುಕೊಳ್ಳುವುದು, ಬ್ಲಾಕನ್ನು ಓಡಿಸುವ ಮುಂಚೆ ಪ್ರತಿ ಸಲವೂ ಆ ನಕಲನ್ನು ಮೆಮೊರಿಯಲ್ಲಿ ಈಗಿರುವುದರ ಜೊತೆ ತಾಳೆ ನೋಡುವುದು. ತುಂಬ ನಿಧಾನ. ಆದರೆ ಹೊಂದದ ಮೊದಲ ಬ್ಲಾಕ್ ಸಿಕ್ಕ ಕ್ಷಣ ದೂರದ ಕಷ್ಟ ಮುಗಿಯಿತು. ಬೀಳುವವರೆಗೆ ಕಾಯಬೇಕಿಲ್ಲ, ಹಳಸಿದ ಅನುವಾದ ಮೊದಲ ಸಲ ಓಡುವ ಹೊಸ್ತಿಲಲ್ಲೇ ಸಿಕ್ಕಿಬೀಳುತ್ತದೆ. ಯಾವ ವಿಳಾಸದ ಯಾವ ಬೈಟು ಬದಲಾಗಿದೆ ಎಂದೂ ಗೊತ್ತಾಗುತ್ತದೆ. ಮೆಮೊರಿ ತಪ್ಪುಗಳನ್ನು ಹುಡುಕಿಕೊಡುವ ವಾಲ್‌ಗ್ರಿಂಡ್ ಕೂಡ ಒಳಗೆ ಅನುವಾದಕವೇ ಆಗಿರುವುದರಿಂದ, ಅದರಲ್ಲಿ ಇಂಥ ತಾಳೆಯನ್ನು ಬಳಕೆದಾರರೇ ಆನ್ ಮಾಡಿಕೊಳ್ಳಬಹುದು. ಕ್ರೂಸೊ ಚಿಪ್ಪಿನಲ್ಲಿಯೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅನುವಾದಗಳಿದ್ದವು.

ಬೈಟು ಸಿಕ್ಕ ಮೇಲೆ, ಅದನ್ನು ಬರೆದವರು ಯಾರು ಎಂಬ ಪ್ರಶ್ನೆ. ಇಲ್ಲಿ ಓಟದ ದಾಖಲೆ ನೆರವಿಗೆ ಬರುತ್ತದೆ. ಗಡಿಯಾರ, ಕೀಲಿಮಣೆ, ಡಿಸ್ಕ್ ಹೀಗೆ ಹೊರಗಿನಿಂದ ಬಂದದ್ದೆಲ್ಲ ಯಾವ ಆದೇಶದ ಹೊತ್ತಿಗೆ ಬಂತು ಎಂದು ಕ್ಯೂಎಮು ಬರೆದಿಟ್ಟುಕೊಂಡು, ಮತ್ತೊಮ್ಮೆ ಅದೇ ಓಟವನ್ನು ಯಥಾವತ್ತಾಗಿ ಓಡಬಲ್ಲದು. ಎರಡನೆಯ ಓಟದಲ್ಲಿ ಆ ಬೈಟಿನ ಮೇಲೆ ಕಣ್ಣಿಟ್ಟರೆ ಬರೆದ ಕೈ ಕಾಣಿಸುತ್ತದೆ. ಅಲ್ಲಿ ಒಂದು ಸಾಲು ಸೇರಿಸಿದರೆ ಕೆಲಸ ಮುಗಿಯುತ್ತದೆ. ವಾರಗಟ್ಟಲೆ ಹುಡುಕಾಟದ ಫಲ ಬಹಳ ಸಲ ಇಂಥ ಒಂದೇ ಸಾಲು.

ಇಷ್ಟು ತಿಳಿದ ಮೇಲೆ 2016ರ ಆ ಫೋನುಗಳ ಒಗಟನ್ನು ಬಿಡಿಸಬಹುದು. ದೂರುಗಳು ಸ್ಯಾಮ್‌ಸಂಗಿನ ಎಕ್ಸಿನೋಸ್ 8890 ಚಿಪ್ ಇದ್ದ ಫೋನುಗಳ ಕಡೆ ಬೆರಳು ತೋರಿದವು. ಗ್ಯಾಲಕ್ಸಿ ಎಸ್7 ಫೋನಿನ ಒಂದು ಮಾದರಿಯಲ್ಲಿ ಇದೇ ಚಿಪ್ ಇತ್ತು. ಬೀಳುವ ವಿಳಾಸಗಳನ್ನೆಲ್ಲ ಸಾಲಾಗಿ ಬರೆದು ನೋಡಿದಾಗ ಒಂದು ಕ್ರಮ ಕಂಡಿತು. ವಿಳಾಸವನ್ನು 128ರಿಂದ ಭಾಗಿಸಿದರೆ ಶೇಷ 64ರಿಂದ 127ರ ನಡುವೆ ಬರುತ್ತಿತ್ತು. ಅಂದರೆ 128 ಬೈಟುಗಳ ಪ್ರತಿ ಗುಂಪಿನ ಎರಡನೆಯ ಅರ್ಧದಲ್ಲೇ ಸಾವು. ಮೊದಲ ಅರ್ಧದಲ್ಲಿ ಇಲ್ಲ. ಮನಸ್ಸಿಗೆ ತೋಚಿದ ಕಡೆ ಬೀಳುವ ದೋಷಕ್ಕೆ ಇಂಥ ಶಿಸ್ತು ಇರುವುದಿಲ್ಲ.

ಆರ್ಮ್ ಕುಟುಂಬದ ಆ ಚಿಪ್ಪಿನಲ್ಲಿ ಎಂಟು ಕೋರುಗಳು. ನಾಲ್ಕು ದೊಡ್ಡವು, ವೇಗದವು, ಸ್ಯಾಮ್‌ಸಂಗೇ ರೂಪಿಸಿದ್ದು. ನಾಲ್ಕು ಚಿಕ್ಕವು, ಬ್ಯಾಟರಿ ಉಳಿಸುವಂಥವು, ಆರ್ಮ್ ಕಂಪನಿಯ ವಿನ್ಯಾಸ. ಕೆಲಸದ ಹೊರೆ ನೋಡಿ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಮನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸುತ್ತಿರುತ್ತದೆ. ಆದೇಶಗಳ ಕ್ಯಾಶನ್ನು ಪ್ರೊಸೆಸರ್ ಸಾಲುಗಳಾಗಿ ಇಟ್ಟುಕೊಳ್ಳುತ್ತದೆ, ಒಂದು ಸಾಲನ್ನು ಅಳಿಸಲು ಒಂದು ಆದೇಶ ಬೇಕು. ದೊಡ್ಡ ಕೋರುಗಳಲ್ಲಿ ಸಾಲಿನ ಉದ್ದ 128 ಬೈಟು. ಚಿಕ್ಕ ಕೋರುಗಳಲ್ಲಿ 64.

ಅಳಿಸುವ ಕೋಡು ಸಾಲಿನ ಉದ್ದ ಎಷ್ಟೆಂದು ಮೊದಲ ಸಲ ಒಮ್ಮೆ ಪ್ರೊಸೆಸರನ್ನು ಕೇಳಿ, ಉತ್ತರವನ್ನು ನೆನಪಿಟ್ಟುಕೊಂಡು, ಮತ್ತೆ ಕೇಳುತ್ತಿರಲಿಲ್ಲ. ಒಂದೇ ಫೋನಿನೊಳಗೆ ಆ ಉತ್ತರ ಎರಡು ಆಗಬಹುದೆಂದು ಅದನ್ನು ಬರೆದವರು ಎಣಿಸಿರಲಿಲ್ಲ. ಮೊದಲ ಪ್ರಶ್ನೆ ದೊಡ್ಡ ಕೋರಿನ ಮೇಲೆ ಕೇಳಲ್ಪಟ್ಟರೆ ಉತ್ತರ 128. ನಂತರ ಪ್ರೋಗ್ರಾಮ್ ಚಿಕ್ಕ ಕೋರಿಗೆ ದಾಟಿತು. ಅಲ್ಲಿಯೂ 128ರ ಹೆಜ್ಜೆ ಹಾಕುತ್ತಾ ಅಳಿಸಿದರೆ, 64ರ ಸಾಲುಗಳಲ್ಲಿ ಒಂದು ಬಿಟ್ಟು ಒಂದು ಅಳಿಯದೆ ಉಳಿಯುತ್ತದೆ. ಮೆಮೊರಿಯಲ್ಲಿ ಹೊಸ ಕೋಡು, ಕ್ಯಾಶಿನ ಆ ಅರ್ಧಗಳಲ್ಲಿ ಹಿಂದೆಂದೋ ಅಲ್ಲಿದ್ದ ಹಳೆಯ ಬೈಟುಗಳು. ಪ್ರೊಸೆಸರ್ ಓದಿದ್ದು ಅವನ್ನು. ಎಂಜಿನಿಯರುಗಳು ತೆರೆದು ನೋಡಿದ್ದು ಮೆಮೊರಿಯನ್ನು.

ಪ್ರತಿ ಸಲವೂ ಹೊಸದಾಗಿ ಕೇಳಿದರೆ ಸರಿಹೋಗುತ್ತದೆ ಎನಿಸುತ್ತದೆ, ಆದರೆ ಅದೂ ಸಾಲದು. ಕೇಳಿದ ಮೇಲೆ, ಅಳಿಸಿ ಮುಗಿಸುವುದರೊಳಗೆ, ನಡುವಿನಲ್ಲೇ ಕೋರು ಬದಲಾಗಬಹುದು. ಕೊನೆಗೆ ನಿಂತ ಪರಿಹಾರ, ಇದುವರೆಗೆ ಕಂಡ ಉದ್ದಗಳಲ್ಲಿ ಅತಿ ಚಿಕ್ಕದನ್ನೇ ಹೆಜ್ಜೆಯಾಗಿ ಬಳಸುವುದು. ದೊಡ್ಡ ಕೋರಿನಲ್ಲಿ ಒಂದೇ ಸಾಲನ್ನು ಎರಡೆರಡು ಸಲ ಅಳಿಸಿದಂತಾದರೂ ನಷ್ಟವಿಲ್ಲ. ಅದೇ ವರ್ಷ ಲಿನಕ್ಸ್ ಕರ್ನಲ್ಲಿಗೂ ಇದರ ಮದ್ದು ಸೇರಿತು: ಕೋರುಗಳ ಸಾಲಿನ ಉದ್ದ ಬೇರೆ ಬೇರೆ ಇರುವ ಯಂತ್ರದಲ್ಲಿ ಪ್ರೋಗ್ರಾಮು ಆ ಪ್ರಶ್ನೆ ಕೇಳಿದರೆ ಕರ್ನಲ್ ನಡುವೆ ಬಂದು, ಎಲ್ಲ ಕೋರುಗಳಿಗೂ ಸುರಕ್ಷಿತವಾದ ಅತಿ ಚಿಕ್ಕ ಉದ್ದವನ್ನೇ ಉತ್ತರವಾಗಿ ಕೊಡುತ್ತದೆ.

ಇಲ್ಲಿಯವರೆಗೆ ಹಳಸಿದ ಆದೇಶ ಓಡಿದರೆ ತಪ್ಪು ಎಂದೇ ನೋಡಿದೆವು. ಹಳೆಯ ಯಂತ್ರಗಳನ್ನು ನಿಷ್ಠೆಯಿಂದ ಉಳಿಸಬೇಕೆನ್ನುವವರಿಗೆ ಇದರ ಇನ್ನೊಂದು ಮುಖವೂ ಎದುರಾಗುತ್ತದೆ. 1978ರ ಇಂಟೆಲ್ 8086 ಪ್ರೊಸೆಸರ್ ಮುಂದಿನ ಆರು ಬೈಟುಗಳನ್ನು ಮುಂಗಡವಾಗಿ ಓದಿ ಸರತಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಅದರ ತಮ್ಮ 8088, ಅಂದರೆ 1981ರ ಐಬಿಎಂ ಪಿಸಿಯಲ್ಲಿದ್ದದ್ದು, ನಾಲ್ಕನ್ನು. ಸರತಿಗೆ ಬಂದುಬಿಟ್ಟ ಬೈಟನ್ನು ಆಮೇಲೆ ಮೆಮೊರಿಯಲ್ಲಿ ತಿದ್ದಿದರೂ ಆ ಪ್ರೊಸೆಸರುಗಳು ಗಮನಿಸುತ್ತಿರಲಿಲ್ಲ, ಹಳೆಯದನ್ನೇ ಓಡಿಸುತ್ತಿದ್ದವು. ಇದನ್ನೇ ಹಿಡಿದು ಪ್ರೋಗ್ರಾಮರುಗಳು ತಾವು ಯಾವ ಚಿಪ್ಪಿನ ಮೇಲಿದ್ದೇವೆ ಎಂದು ಪತ್ತೆಮಾಡುತ್ತಿದ್ದರು: ಐದನೆಯ ಬೈಟಿನ ದೂರದಲ್ಲಿರುವ ಆದೇಶವನ್ನು ತಿದ್ದಿ ನೋಡುವುದು. ಹಳೆಯದು ಓಡಿದರೆ 8086, ಹೊಸದು ಓಡಿದರೆ 8088. ಡೀಬಗ್ಗರ್ ಒಂದೊಂದೇ ಆದೇಶವಾಗಿ ಓಡಿಸುವಾಗ ಸರತಿ ಪ್ರತಿ ಸಲ ಖಾಲಿಯಾಗುವುದರಿಂದ, ಯಾರಾದರೂ ಇಣುಕುತ್ತಿದ್ದಾರೆಯೇ ಎಂದು ತಿಳಿಯಲು ನಕಲು ತಡೆಯುವ ತಂತ್ರಾಂಶಗಳೂ ಇದೇ ಉಪಾಯ ಬಳಸುತ್ತಿದ್ದವು. 486ರಲ್ಲಿಯೂ ತಿದ್ದಿದ ಮೇಲೆ ಒಂದು ಜಿಗಿತ ಹಾಕಿದರೆ ಮಾತ್ರ ಹೊಸದು ಖಚಿತ. ಪೆಂಟಿಯಮ್ಮಿನಿಂದ ಈಚೆಗೆ ಪ್ರೊಸೆಸರೇ ಬದಲಾವಣೆಯನ್ನು ಕಂಡುಹಿಡಿದು ಸರತಿಯನ್ನು ಖಾಲಿ ಮಾಡುತ್ತದೆ.

ಹಾಗಾಗಿ 8088ರ ಎಮ್ಯುಲೇಟರ್ ಬರೆಯುವವರು ತಿದ್ದುಪಡಿ ಕಂಡ ಕೂಡಲೇ ಹೊಸದನ್ನು ಓಡಿಸಿದರೆ ಅದು ಬಗ್. ಮೊದಲ ನಾಲ್ಕು ಬೈಟುಗಳ ಮಟ್ಟಿಗೆ ಹಳಸಿದ್ದೇ ಸರಿ, ಐದನೆಯದಕ್ಕೆ ಹೊಸದೇ ಸರಿ. ಆ ಸರತಿ ತುಂಬುವ ವೇಗ ಮೆಮೊರಿಯ ಬಸ್, ಅಂದರೆ ಬೈಟುಗಳು ಓಡಾಡುವ ತಂತಿದಾರಿ, ಆ ಕ್ಷಣದಲ್ಲಿ ಬಿಡುವಾಗಿದೆಯೇ ಎಂಬುದನ್ನೂ ಅವಲಂಬಿಸುವುದರಿಂದ, ಅವರು ಬಸ್ಸಿನ ಪ್ರತಿ ಚಕ್ರವನ್ನೂ ಎಣಿಸುತ್ತಾ, ಒಂದೊಂದು ಬೈಟು ಯಾವ ಚಕ್ರದಲ್ಲಿ ಸರತಿಗೆ ಸೇರಿತು ಎಂದು ನಿಜವಾದ ಚಿಪ್ಪಿನ ಪಿನ್ನುಗಳಿಂದ ಅಳೆದ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ.